ತೌಲನಿಕ ಸಾಹಿತ್ಯದಲ್ಲಿ ಪಿಎಚ್‌ಡಿ: ಇವೆರಡನ್ನೇ ಯಾಕೆ ಜೊತೆಗಿಡಬೇಕು?

ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ, ಹಿಡಿದು ಪಿಎಚ್‌ಡಿ ಸಂದರ್ಶನಕ್ಕೆ ಹೋದವರಿಗೆ ‘ಈ ಇಬ್ಬರನ್ನೇ ಯಾಕೆ ಹೋಲಿಸಬೇಕು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಇಬ್ಬರೂ ಪ್ರಕೃತಿಯ ಬಗ್ಗೆ ಬರೆದಿದ್ದಾರೆ’ ಎಂದರೆ ನಿಲ್ಲುವುದಿಲ್ಲ. ಪ್ರಕೃತಿಯ ಬಗ್ಗೆ ಬರೆಯದ ಕವಿ ಯಾರಿದ್ದಾರೆ? ಕನ್ನಡದ ಒಬ್ಬ ಕವಿ, ಇಂಗ್ಲಿಷಿನ ಒಬ್ಬ ಕವಿ, ಕೊನೆಗೆ ‘ಒಂದು ತೌಲನಿಕ ಅಧ್ಯಯನ’ ಎಂಬ ಬಾಲ. ಇಂಥ ವಿಷಯಗಳು ನಾಲ್ಕನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸಾಮ್ಯ-ವೈಷಮ್ಯಗಳ ಪಟ್ಟಿಯಾಗಿ ಸೊರಗುತ್ತವೆ.

ಹೋಲಿಕೆಗೆ ಆಧಾರ ಬೇಕು. ಒಬ್ಬರು ಇನ್ನೊಬ್ಬರನ್ನು ಓದಿದ್ದಾರೆ ಎನ್ನುವುದಾದರೆ ಪತ್ರ, ಮುನ್ನುಡಿ, ಪ್ರಕಟಣೆಯ ವರ್ಷ ತೋರಿಸಬೇಕು. ಸಂಪರ್ಕವಿಲ್ಲ, ಸಾಮಾಜಿಕ ಸನ್ನಿವೇಶ ಮಾತ್ರ ಒಂದೇ ಎನ್ನುವುದಾದರೆ ಎರಡೂ ಸಮಾಜಗಳ ಚರಿತ್ರೆ ಗೊತ್ತಿರಬೇಕು. ಈ ಎರಡನೆಯ ದಾರಿ ಸುಲಭವೆಂದು ಆರಿಸಿಕೊಳ್ಳುವವರು ಬಹಳ; ನಿಜಕ್ಕೂ ಕಷ್ಟದ್ದು ಇದೇ.

ಮೂಲ ಒಂದೇ ಆಗಿರುವ ಕೃತಿಗಳು ಹೊಸಬರಿಗೆ ಒಳ್ಳೆಯ ನೆಲ. ಕಾವ್ಯ ಹೇಗಿರಬೇಕೆಂದು ಹೇಳುವ ದಂಡಿಯ ಸಂಸ್ಕೃತ ಗ್ರಂಥ ‘ಕಾವ್ಯಾದರ್ಶ’ವನ್ನು ಹಿಡಿದು ಕನ್ನಡದಲ್ಲಿ 9ನೇ ಶತಮಾನದ ‘ಕವಿರಾಜಮಾರ್ಗ’ ಬಂತು, ಸಿಂಹಳದಲ್ಲಿ ‘ಸಿಯಬಸ್ಲಕರ’, ತಮಿಳಿನಲ್ಲಿ ‘ದಂಡಿಯಲಂಕಾರಂ’. ಸಂಸ್ಕೃತ ಮತ್ತು ಕನ್ನಡದ ಪದ್ಯಗಳನ್ನು ಅಕ್ಕಪಕ್ಕ ಬರೆದುಕೊಂಡು ಹೋಗಿ. ಕಾವ್ಯದ ಎರಡು ಶೈಲಿಗಳನ್ನು ದಂಡಿ ವೈದರ್ಭ, ಗೌಡ ಎಂದ ಕಡೆ ಕನ್ನಡದ ಕೃತಿ ದಕ್ಷಿಣಮಾರ್ಗ, ಉತ್ತರಮಾರ್ಗ ಎನ್ನುತ್ತದೆ. ಕಾವೇರಿಯಿಂದ ಗೋದಾವರಿವರೆಗಿನ ನಾಡಿನ ವರ್ಣನೆಗಂತೂ ದಂಡಿಯಲ್ಲಿ ಜಾಗವೇ ಇಲ್ಲ. ಕನ್ನಡ ಹೀಗೆ ಕೈಬಿಟ್ಟ, ಸೇರಿಸಿದ, ತಿರುಗಿಸಿದ ಜಾಗಗಳಲ್ಲೇ ಸಂಶೋಧನೆಯ ಪ್ರಶ್ನೆ ಇರುತ್ತದೆ. ಎರಡು ಭಾಷೆಗಳನ್ನಾದರೂ ಮೂಲದಲ್ಲೇ ಓದಬೇಕು. ಮೂರನೆಯದನ್ನು ಅನುವಾದದಲ್ಲಿ ಓದಿದರೆ ಹಾಗೆಂದು ಬರೆಯಿರಿ. ಅನುವಾದದ ಪದವೊಂದರ ಮೇಲೆ ವಾದ ಕಟ್ಟಬೇಡಿ.

ಬೆಂಗಳೂರಿನಲ್ಲಿ ತೌಲನಿಕ ಸಾಹಿತ್ಯದ ಪಿಎಚ್‌ಡಿಗೆ ಕನ್ನಡ ಅಥವಾ ಇಂಗ್ಲಿಷ್ ವಿಭಾಗದಲ್ಲಿ ನೋಂದಾಯಿಸುವುದೇ ರೂಢಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಬೇಕು, ಮೀಸಲಾತಿ ಇದ್ದವರಿಗೆ ಶೇ. 5 ರಿಯಾಯಿತಿ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ 3ರಿಂದ 6 ವರ್ಷ. 2024ರಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕದ ಮೇಲೂ ಪ್ರವೇಶವಿದೆ: ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಬಾರದವರಿಗೆ ನೆಟ್‌ಗೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಆ ಅಂಕ ಒಂದೇ ವರ್ಷ ನಡೆಯುತ್ತದೆ. ನೆಟ್‌ನಲ್ಲಿ ತೌಲನಿಕ ಸಾಹಿತ್ಯಕ್ಕೆ ಪ್ರತ್ಯೇಕ ಪತ್ರಿಕೆಯೇ ಇದೆ.

ಗೈಡ್ ಸಿಗುವುದು ಇನ್ನೊಂದು ತೊಡಕು. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಮಂದಿಯನ್ನಷ್ಟೇ ತೆಗೆದುಕೊಳ್ಳಬಹುದು. ಅರ್ಜಿ ಹಾಕುವ ಮೊದಲೇ ಯಾರ ಬಳಿ ಜಾಗ ಖಾಲಿಯಿದೆ, ನಿಮ್ಮ ಎರಡೂ ಭಾಷೆ ಯಾರಿಗೆ ಬರುತ್ತದೆ ವಿಚಾರಿಸಿ. ಒಂದೇ ಬರುವುದಾದರೆ ಸಹ ಮಾರ್ಗದರ್ಶಕರನ್ನು ಆಗಲೇ ಕೇಳಿಟ್ಟುಕೊಳ್ಳಿ.

ಹಳೆಯ ಮುದ್ರಣಗಳಿಗೆ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಮೂರನ್ನೂ ಸುತ್ತಬೇಕು. ಇದೇ ವಿಷಯದಲ್ಲಿ ಆಗಲೇ ಕೆಲಸವಾಗಿದೆಯೇ ಎಂದು ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ನೋಡುವಾಗ ಕನ್ನಡ ಲಿಪಿ, ರೋಮನ್ ಲಿಪಿ ಎರಡರಲ್ಲೂ ಹುಡುಕಿ.

ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ದಯವಿಟ್ಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಕಾಣುವುದು ಕನ್ನಡವಾದರೂ ಫೈಲಿನೊಳಗೆ ಇರುವುದು ಬೇರೆಯೇ ಸಂಕೇತಗಳು. ಕೃತಿಚೌರ್ಯ ತಪಾಸಣೆಗೆ ಅದು ಪಠ್ಯವೇ ಅಲ್ಲ. ಕೊನೇ ತಿಂಗಳಲ್ಲಿ ಕನ್ವರ್ಟ್ ಮಾಡಲು ಹೋದರೆ ನಡುನಡುವಿನ ಇಂಗ್ಲಿಷ್ ಉಲ್ಲೇಖಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ, ಅರ್ಕಾವೊತ್ತು ಜಾಗ ತಪ್ಪುತ್ತದೆ. ಹಳಗನ್ನಡದ ೞ, ಱ ಯೂನಿಕೋಡಿನಲ್ಲಿವೆ. ಆದರೆ ಎಲ್ಲ ಫಾಂಟುಗಳಲ್ಲಿ ಇಲ್ಲ. ಬೈಂಡಿಂಗಿಗೆ ಕೊಡುವ ಮೊದಲು ಉಲ್ಲೇಖವಿರುವ ಒಂದು ಪುಟ ಪ್ರಿಂಟ್ ತೆಗೆದು, ಅವುಗಳ ಜಾಗದಲ್ಲಿ ಖಾಲಿ ಚೌಕ ಬಂದಿದೆಯೇ ನೋಡಿ.