‘ಅದನ್ನ ಯಾವ ದೇಶ ಕೇಳ್ತೈತ್ರೀ?’

ಬಳ್ಳಾರಿಯಲ್ಲಿ ಲಾ ಓದುವ ಹುಡುಗರಿಗೆ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಪಾಠ ಮಾಡುತ್ತೇನೆ. ಇದು ಗೊತ್ತಾದ ಕೂಡಲೇ ಬರುವ ಪ್ರಶ್ನೆ ಮೇಲಿನದು. ಕೇಳುವಾಗಲೇ ನಗು. ಉತ್ತರ ಯಾರಿಗೂ ಬೇಡ, ನಾನು ಪೆಚ್ಚಾಗಬೇಕು ಅಷ್ಟೇ.

ತಗೊಳ್ಳಿ, ಬರೆದೇ ಬಿಡುತ್ತೇನೆ. ಬಹಳ ಸಲ ಕೇಳುವುದಿಲ್ಲ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅದಕ್ಕೆ ಬದ್ಧವಾಗಿಸುವ ಅನುಮೋದನೆ ಇನ್ನೂ ಇಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ 1979ರಲ್ಲೇ ಸೇರಿದ್ದೇವೆ. ಸೇರಿದ ದೇಶ ಹಕ್ಕುಗಳ ಸ್ಥಿತಿ ಬಗ್ಗೆ ಆಗಾಗ ವಿಶ್ವಸಂಸ್ಥೆಗೆ ವರದಿ ಕೊಡಬೇಕು. ನಮ್ಮ ವರದಿಯ ಪರಿಶೀಲನೆ 1997ರಲ್ಲಿ ಆಯಿತು, ಅದರ ಮುಂದಿನದು 2024ರಲ್ಲಿ. ನನ್ನ ಹುಡುಗರೇ ವಾಸಿ, ಅಸೈನ್‌ಮೆಂಟ್ ಇದಕ್ಕಿಂತ ಬೇಗ ಕೊಡುತ್ತಾರೆ. ಊರಿಗೆಲ್ಲ ಬುದ್ಧಿ ಹೇಳುವ ಬ್ರಿಟನ್, ಕೈದಿಗಳ ಮತದಾನದ ಬಗ್ಗೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ಕೊಟ್ಟ ತೀರ್ಪನ್ನು ಹತ್ತು ವರ್ಷ ಮೀರಿ ಎಳೆದಾಡಿತು. ಸಮಾಧಾನ ಆಯ್ತಾ?

ಅದೇ 1997ರಲ್ಲಿ ಇನ್ನೊಂದೂ ನಡೆಯಿತು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇರಲಿಲ್ಲ. ರಾಜಸ್ಥಾನದ ಒಬ್ಬ ಹೆಣ್ಣುಮಗಳ ಮೇಲಿನ ಅತ್ಯಾಚಾರದ ನಂತರ ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದವು. ಭಾರತ 1993ರಲ್ಲಿ ಅನುಮೋದಿಸಿದ್ದ ಮಹಿಳಾ ತಾರತಮ್ಯ ವಿರೋಧಿ ಒಪ್ಪಂದವನ್ನು ಮುಂದಿಟ್ಟುಕೊಂಡು, ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಮಾರ್ಗಸೂಚಿ ಹಾಕಿಕೊಟ್ಟಿತು. ಸಂಸತ್ತಿಗೆ ಕಾಯ್ದೆ ಮಾಡಲು 2013 ಆಗಬೇಕಾಯಿತು. ಇದನ್ನು ಹೇಳುವಷ್ಟರಲ್ಲಿ ಕೇಳಿದವರು ಫೋನ್ ನೋಡುತ್ತಿರುತ್ತಾರೆ.

ಕುಷ್ಟಗಿಯ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ದೂರದ ಸಂಬಂಧದ ಕಾಕಾ, ‘ಏನವಾ, ಅಮೆರಿಕಾದವ್ರs ಕೇಳಂಗಿಲ್ಲ, ನೀ ಯಾರಿಗೆ ಪಾಠ ಹೇಳ್ತಿ?’ ಅಂದ. ಕಾಕಾನದು ಹತ್ತಿ ಬೀಜದ ಪ್ಲಾಟು. ಸಂಜೆ ಹೆಬ್ಬೆರಳ ಉಗುರಿನಿಂದ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಇದೇ ಕ್ರಾಸಿಂಗ್. ಸಣ್ಣ ಕೈ ಚೊಲೋ ಓಡುತ್ತವೆ ಅಂತ ಅವನೇ ಹಿಂದೆ ಹೇಳಿದ್ದ. ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ ಭಾರತ ಸೇರಿದ್ದು 1992ರಲ್ಲಿ. ಬಾಲಕಾರ್ಮಿಕರ ಬಗೆಗಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) ಒಪ್ಪಂದಗಳೆರಡನ್ನು ಅನುಮೋದಿಸಿದ್ದು 2017ರಲ್ಲಿ. ಕೇಳದ ದೇಶ ನನ್ನ ಪಕ್ಕದ ಎಲೆಯಲ್ಲೇ ಹೋಳಿಗೆ ತಿನ್ನುತ್ತಿತ್ತು.

‘ಕಾಕಾ, ಈ ಸಲ ನಿಮ್ಮ ಹೊಲದಾಗ ಎಷ್ಟು ಹುಡುಗ್ರು?’

‘ಏ ತಮ್ಮಾ, ಇಲ್ಲಿ ತುಪ್ಪಾ ತಾ!’

ಅಮೆರಿಕದ ಚಿಂತೆ ಬಿಟ್ಟು, ‘ನಮ್ಮ ಓಣಿ ಹುಡುಗಿ ಸಾಲಿ ಬಿಟ್ಟು ಕ್ರಾಸಿಂಗ್‌ಗೆ ಹೋಗಾಕತ್ತಾಳ, ಯಾರಿಗೆ ಹೇಳ್ಬೇಕ್ರೀ?’ ಅಂತ ಯಾರಾದರೂ ಕೇಳಲಿ. ಆಗ ಪಾಠ ಮಾಡುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚಿ ಕೊಡುತ್ತೇನೆ.