ಉದುರದ ಕೂದಲು ಎಲ್ಲಿಗೆ ಹೋಗುತ್ತದೆ?

ನಾಯಿಗಳಿಗೆ ಸ್ನಾನ ಮಾಡಿಸುವುದು, ಬಾಚುವುದು, ಕೂದಲು ಕತ್ತರಿಸುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಈ ಕೆಲಸ ಶುರು ಮಾಡಿ ಒಂಬತ್ತು ವರ್ಷ ಆಯಿತು. ಮನೆಗೆ ನಾಯಿ ತರಬೇಕು ಅಂತ ಇರುವವರು ಅಂಗಡಿಗೆ ಬಂದು ಕೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ಕೂದಲು ಉದುರದೇ ಇರೋ ನಾಯಿ ಯಾವುದು?"

ಮೊದಮೊದಲು ನಾನು ಹಿಂದೆಮುಂದೆ ನೋಡದೆ "ಶಿಟ್ಜು ತಗೊಳ್ಳಿ" ಅನ್ನುತ್ತಿದ್ದೆ. ಶಿಟ್ಜು ಅಂದರೆ ಉದ್ದ ಕೂದಲಿನ ಪುಟ್ಟ ನಾಯಿ. ನಾನು ಹೇಳಿದ್ದು ಸುಳ್ಳಲ್ಲ. ಶಿಟ್ಜು ಇರುವ ಮನೆಯ ಸೋಫಾ ಮೇಲೆ, ಕಪ್ಪು ಪ್ಯಾಂಟಿನ ಮೇಲೆ ಕೂದಲು ಅಷ್ಟಾಗಿ ಕಾಣುವುದಿಲ್ಲ. ಆದರೆ ಅದು ಅರ್ಧ ಉತ್ತರ. ಉಳಿದರ್ಧ ನನಗೆ ಅರ್ಥವಾಗಿದ್ದು ಒಂದು ಮಳೆಗಾಲದಲ್ಲಿ.

ನನ್ನ ಮಾತು ಕೇಳಿ ಶಿಟ್ಜು ಮರಿ ತಂದಿದ್ದ ಒಂದು ಮನೆಯವರು ಇದ್ದರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮರಿ ಇಡೀ ದಿನ ಅಜ್ಜಿಯ ಜೊತೆ. ಅದಕ್ಕೆ ಮುದ್ದು ಅಂತ ಹೆಸರು. ಮುದ್ದುಗೆ ಒಂದು ವರ್ಷ ತುಂಬುವ ಹೊತ್ತಿಗೆ ಅಜ್ಜಿ ಮೊದಲ ಸಲ ನಮ್ಮ ಅಂಗಡಿಗೆ ಕರೆದುಕೊಂಡು ಬಂದರು. ಮೇಲಿಂದ ನೋಡಿದರೆ ಕೂದಲು ನಯವಾಗಿ ಹೊಳೆಯುತ್ತಿತ್ತು. ಬೆರಳು ಒಳಗೆ ಹಾಕಿ ನೋಡಿದೆ, ಬೆರಳು ಹೋಗಲೇ ಇಲ್ಲ. ಕಿವಿ ಹಿಂದೆ, ಕಂಕುಳಲ್ಲಿ, ಹೊಟ್ಟೆ ಕೆಳಗೆ, ಕೊರಳ ಪಟ್ಟಿಯ ಅಡಿಯಲ್ಲಿ ಎಲ್ಲ ಕಡೆ ಕೂದಲು ಸಿಕ್ಕುಗಟ್ಟಿ ಕಂಬಳಿ ತರಹ ಆಗಿತ್ತು. ಮನೆಯಲ್ಲಿ ವಾರಕ್ಕೊಂದು ಸ್ನಾನ ಮಾಡಿಸಿ ಟವೆಲಿನಲ್ಲಿ ಒರೆಸಿ ಬಿಡುತ್ತಿದ್ದರಂತೆ. ಸಿಕ್ಕು ಬಿಡಿಸದೆ ನೀರು ಹಾಕಿದರೆ ಅದು ಇನ್ನೂ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಒಳಗಿನ ಒದ್ದೆ ಆರುವುದೂ ಇಲ್ಲ.

ಬಿಡಿಸಲು ಹೋದರೆ ನಾಯಿಗೆ ಬರೀ ಹಿಂಸೆ. ಕೂದಲು ಕತ್ತರಿಸುವ ಮೆಷಿನ್‌ಗೆ 10ನೇ ನಂಬರಿನ ಬ್ಲೇಡ್ ಹಾಕಿ ಚರ್ಮದ ಮೇಲಿಂದಲೇ ನಿಧಾನವಾಗಿ ತೆಗೆಯುತ್ತಾ ಬಂದೆ. ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಬೆನ್ನಿನ ಕೂದಲು ಕುರಿ ತುಪ್ಪಟದ ಹಾಗೆ ಒಂದೇ ತುಂಡಾಗಿ ಬಂತು. ಅಡಿಯಲ್ಲಿ ಚರ್ಮ ಕೆಂಪಗಾಗಿತ್ತು, ಅಲ್ಲಲ್ಲಿ ರಕ್ತ ಹೀರುವ ಉಣ್ಣಿಗಳು ಕಚ್ಚಿಕೊಂಡಿದ್ದವು. ಎಡಗಡೆ ಕಂಕುಳಲ್ಲಿ ಹುಣ್ಣಾಗಿ ನೀರು ಸೋರುತ್ತಿತ್ತು. ಅಜ್ಜಿ ಅದನ್ನು ನೋಡಿ ಅತ್ತುಬಿಟ್ಟರು.

"ದಿನಾ ಬಾಚ್ತಿದ್ದೆ ಕಣಮ್ಮ. ಒಂದು ಕೂದಲೂ ನೆಲಕ್ಕೆ ಬೀಳ್ತಿರ್ಲಿಲ್ಲ. ಚೆನ್ನಾಗಿದೆ ಅಂತಲೇ ಅಂದ್ಕೊಂಡಿದ್ದೆ."

ಅವರ ತಪ್ಪು ಏನೂ ಇರಲಿಲ್ಲ. ಮೆತ್ತನೆಯ ಬ್ರಷ್‌ನಿಂದ ಮೇಲಿನ ಪದರ ಮಾತ್ರ ಬಾಚುತ್ತಿದ್ದರು, ಯಾಕೆಂದರೆ ಬುಡದಿಂದ ಬಾಚಬೇಕು ಅಂತ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು. ಮುದ್ದುವನ್ನು ಡಾಕ್ಟರ ಹತ್ತಿರ ಕಳಿಸಿದೆ. ಹುಣ್ಣು ವಾಸಿಯಾಗಲು ಮೂರು ವಾರ ಬೇಕಾಯಿತು.

ವಿಷಯ ಹೀಗಿದೆ. ಪ್ರತಿ ಕೂದಲಿಗೂ ಬೆಳೆಯುವ ಕಾಲ, ಸುಮ್ನೆ ಇರುವ ಕಾಲ, ಉದುರುವ ಕಾಲ ಅಂತ ಇರುತ್ತದೆ. ಲ್ಯಾಬ್ (ಲ್ಯಾಬ್ರಡಾರ್), ಹಸ್ಕಿ ತರದ ನಾಯಿಗಳಲ್ಲಿ ಬೆಳೆಯುವ ಕಾಲ ಚಿಕ್ಕದು. ಕೂದಲು ಒಂದು ಅಳತೆಗೆ ಬಂದು ನಿಲ್ಲುತ್ತದೆ, ಆಮೇಲೆ ಉದುರುತ್ತದೆ. ಗುಂಗುರು ಕೂದಲಿನ ಪೂಡಲ್, ಶಿಟ್ಜು ಇವುಗಳಲ್ಲಿ ನಮ್ಮ ತಲೆಗೂದಲಿನ ಹಾಗೆ ಬೆಳೆಯುವ ಕಾಲ ಉದ್ದ. ಹಾಗಾಗಿ ಒಂದು ದಿನಕ್ಕೆ ಉದುರುವುದು ಕಡಿಮೆ. ಅದೇ ಕಾರಣಕ್ಕೆ ಕತ್ತರಿಸದೆ ಬಿಟ್ಟರೆ ಬೆಳೆಯುತ್ತಲೇ ಇರುತ್ತದೆ. ಕಡಿಮೆ ಅಂದರೂ ಸ್ವಲ್ಪವಾದರೂ ಉದುರುತ್ತದೆ, ಅಲ್ವಾ? ಆ ಕೂದಲು ನೆಲಕ್ಕೆ ಬರುವುದಿಲ್ಲ. ಉದ್ದ ಕೂದಲಿನ ನಡುವೆ, ಗುಂಗುರಿನ ನಡುವೆ ಸಿಕ್ಕಿಕೊಂಡು ನಾಯಿಯ ಮೈಮೇಲೇ ಉಳಿಯುತ್ತದೆ. ಸಿಕ್ಕು ಕಟ್ಟುವುದು ಅಲ್ಲಿಂದಲೇ. ಅದರಲ್ಲೂ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಹೊತ್ತಿನಲ್ಲಿ, ಅಂದರೆ ಒಂದು ವರ್ಷದ ಆಸುಪಾಸಿನಲ್ಲಿ, ಸಿಕ್ಕು ತುಂಬಾ ಜಾಸ್ತಿ. ಮುದ್ದು ಬಂದಿದ್ದು ಸರಿಯಾಗಿ ಆ ವಯಸ್ಸಿನಲ್ಲಿ.

ಲ್ಯಾಬ್ ಸಾಕಿದರೆ ಪೊರಕೆ ಹಿಡಿಯಬೇಕು, ಪೂಡಲ್ ಸಾಕಿದರೆ ಬಾಚಣಿಗೆ ಹಿಡಿಯಬೇಕು. ಈಗ ಕೇಳುವವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ.

ಆಮೇಲೆ ತಳಿಯ ಮಾತು. ಪೂಡಲ್, ಮಾಲ್ಟೀಸ್, ಬಿಷೋನ್, ಯಾರ್ಕಿ, ಶಿಟ್ಜು, ಲಾಸಾ, ಶ್ನೌಜರ್ ಇವುಗಳ ಕೂದಲು ಮನೆಯಲ್ಲಿ ಹರಡುವುದು ನಿಜವಾಗಿ ಕಡಿಮೆ. ಗಿಡ್ಡ ಕೂದಲಿನ ನಾಯಿ ತಂದರೆ ಉದುರುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಪಗ್ ಅಥವಾ ಬೀಗಲ್ ಸಾಕಿದವರನ್ನು ಕೇಳಿ ನೋಡಿ. ಆ ಗಿಡ್ಡ ಕೂದಲು ಸೂಜಿಯ ಹಾಗೆ ಬಟ್ಟೆಯೊಳಗೆ ಚುಚ್ಚಿಕೊಳ್ಳುತ್ತದೆ, ಒದರಿದರೂ ಬರುವುದಿಲ್ಲ. ನಮ್ಮ ಕಡೆ ಪಾಮ್ (ಪೊಮೆರೇನಿಯನ್) ಅಂತ ಕರೆಯುವ ಬಿಳಿ ನಾಯಿ ಹೆಚ್ಚಿನ ಸಲ ಇಂಡಿಯನ್ ಸ್ಪಿಟ್ಜ್. ಅದಕ್ಕೆ ಒಳಗೂದಲು ದಟ್ಟ, ಉದುರುವುದೂ ಜಾಸ್ತಿ.

ಮುಧೋಳ ನಾಯಿಯ ಕೂದಲು ಗಿಡ್ಡ ಮತ್ತು ನವಿರು. ವಾರಕ್ಕೊಮ್ಮೆ ರಬ್ಬರ್ ಬ್ರಷ್ ಆಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೈ ಫಳಫಳ ಅನ್ನುತ್ತದೆ. ನನಗೆ ತುಂಬಾ ಇಷ್ಟದ ನಾಯಿ ಅದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಆದರೆ ಎರಡು ಬೆಡ್‌ರೂಮ್ ಫ್ಲಾಟ್‌ನವರಿಗೆ ನಾನು ಅದನ್ನು ಹೇಳುವುದಿಲ್ಲ. ಬೇಟೆಗೆ ಬೆಳೆಸಿದ ನಾಯಿ, ಓಡಲು ಜಾಗ ಬೇಕು. ಕೂದಲಿನ ಅನುಕೂಲ ಒಂದನ್ನೇ ನೋಡಿ ತಂದರೆ ಅದಕ್ಕೆ ಅನ್ಯಾಯ.

ಇನ್ನೊಂದು ಮಾತು. ಬೇಸಿಗೆ ಬಂದರೆ ಹಸ್ಕಿ, ಗೋಲ್ಡನ್ ರಿಟ್ರೀವರ್ ತಂದು "ಬೋಳಿಸಿಬಿಡಿ, ಉದುರೋದು ನಿಲ್ಲಲಿ" ಅನ್ನುವವರು ಇದ್ದಾರೆ. ನಾನು ಮಾಡುವುದಿಲ್ಲ. ಬೋಳಿಸಿದರೂ ಉದುರುವುದು ನಿಲ್ಲುವುದಿಲ್ಲ, ಉದುರುವ ಕೂದಲು ಗಿಡ್ಡ ಆಗುತ್ತದೆ ಅಷ್ಟೇ. ಈ ನಾಯಿಗಳ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ. ಕೆಲವು ನಾಯಿಗಳಿಗೆ ಅದು ಮತ್ತೆ ಮೊದಲಿನ ಹಾಗೆ ಬರುವುದೇ ಇಲ್ಲ.

ಕೂದಲು ಉದುರದ ನಾಯಿ ಬೇಕು ಅನ್ನುವವರಲ್ಲಿ ಕೆಲವರಿಗೆ ನಿಜವಾದ ಚಿಂತೆ ಅಲರ್ಜಿ. ಮಗುವಿಗೆ ಸೀನು, ಮನೆಯಲ್ಲಿ ಯಾರಿಗೋ ಉಬ್ಬಸ. ಇಲ್ಲಿ ನಾನು ತುಂಬಾ ಜಾಗ್ರತೆಯಿಂದ ಮಾತಾಡುತ್ತೇನೆ. ಅಲರ್ಜಿ ತರುವುದು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಪ್ರೋಟೀನ್‌ಗಳು. ಕೂದಲು ಅವುಗಳನ್ನು ಹೊತ್ತು ತಿರುಗುತ್ತದೆ, ಅಷ್ಟೇ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು 170ಕ್ಕೂ ಹೆಚ್ಚು ಮನೆಗಳ ದೂಳು ಪರೀಕ್ಷೆ ಮಾಡಿದರು. ಅಲರ್ಜಿ ಆಗುವುದಿಲ್ಲ ಅಂತ ಹೆಸರಾದ ತಳಿಗಳ ಮನೆಯಲ್ಲೂ ಬೇರೆ ನಾಯಿಗಳ ಮನೆಯಲ್ಲೂ ಆ ಪ್ರೋಟೀನ್ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ.

ಲ್ಯಾಬ್ರಡೂಡಲ್ ಅನ್ನುವ ಮಿಶ್ರತಳಿ ಹುಟ್ಟಿದ ಕಥೆಯೂ ಇದನ್ನೇ ಹೇಳುತ್ತದೆ. 1980ರ ದಶಕದ ಕೊನೆಯಲ್ಲಿ ಹವಾಯಿಯ ಕಣ್ಣು ಕಾಣದ ಮಹಿಳೆಯೊಬ್ಬರಿಗೆ ದಾರಿ ತೋರಿಸುವ ನಾಯಿ ಬೇಕಿತ್ತು. ಗಂಡನಿಗೆ ನಾಯಿಯ ಅಲರ್ಜಿ. ಆಸ್ಟ್ರೇಲಿಯಾದಲ್ಲಿ ಇಂಥ ದಾರಿ ತೋರಿಸುವ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ ಲ್ಯಾಬ್ ಮತ್ತು ಪೂಡಲ್ ಸೇರಿಸಿ ಮರಿ ಮಾಡಿಸಿದರು. ಮೂರು ಮರಿಗಳ ಕೂದಲು, ಜೊಲ್ಲು ಪರೀಕ್ಷಿಸಿದಾಗ ಆ ಗಂಡನಿಗೆ ಒಗ್ಗಿದ್ದು ಒಂದೇ ಒಂದು ಮರಿ. ಒಂದೇ ತಾಯಿಯ ಮೂರು ಮರಿಗಳಲ್ಲೇ ಹೀಗಾದರೆ, ತಳಿಯ ಹೆಸರು ನೋಡಿ ನಾನು ಯಾವ ಭರವಸೆ ಕೊಡಲಿ?

ಅದಕ್ಕೆ ಅಲರ್ಜಿ ಇದೆ ಅಂದವರಿಗೆ ಮೊದಲು ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಕೆಲವರಿಗೆ ಗಂಡು ನಾಯಿಯಲ್ಲಿ ಮಾತ್ರ ಇರುವ ಒಂದು ಪ್ರೋಟೀನ್ ಆಗುವುದಿಲ್ಲ. ಅಂಥವರಿಗೆ ಹೆಣ್ಣು ನಾಯಿ ಒಗ್ಗಬಹುದು. ಆಮೇಲೆ, ತರಬೇಕು ಅಂತಿರುವ ಅದೇ ನಾಯಿಯ ಜೊತೆ ಮೂರು ನಾಲ್ಕು ಸಲ ಹೊತ್ತು ಕಳೆಯಲಿ. ಮರಿ ಮನೆಗೆ ಬಂದ ಮೇಲೆ ವಾಪಸ್ ಕೊಡುವ ನೋವು ಯಾರಿಗೂ ಬೇಡ.

ಈಗ ಅಂಗಡಿಯಲ್ಲಿ ನಾನು ಮೂರು ವಿಷಯ ಕೇಳುತ್ತೇನೆ. ಮನೆಯಲ್ಲಿ ಬಾಚುವವರು ಯಾರು? ದಿನಾ ಹದಿನೈದು ನಿಮಿಷ ಸಿಗುತ್ತದಾ? ಐದಾರು ವಾರಕ್ಕೊಮ್ಮೆ ಕತ್ತರಿಸಲು ಆಗುವ ಖರ್ಚು ಹನ್ನೆರಡು, ಹದಿನೈದು ವರ್ಷ ನಡೆಯುತ್ತದಾ? ನಮ್ಮಲ್ಲಿ ಶಿಟ್ಜುಗೆ ಒಂದು ಸಲಕ್ಕೆ 1,500 ರೂಪಾಯಿ. ಕೂದಲು ಅರ್ಧ ಇಂಚು ಮಾತ್ರ ಬಿಟ್ಟರೆ ಬಾಚುವ ಕೆಲಸ ಎಷ್ಟೋ ಹಗುರ. ಮುದ್ದುಗೆ ಈಗ ಹಾಗೆಯೇ ಮಾಡುತ್ತೇನೆ. ಅಜ್ಜಿ ಕಬ್ಬಿಣದ ಬಾಚಣಿಗೆಯಿಂದ ಪದರ ಪದರ ಬಿಡಿಸಿ, ಚರ್ಮ ಕಾಣುವ ಹಾಗೆ ಬುಡದಿಂದ ಬಾಚುವುದನ್ನು ಕಲಿತಿದ್ದಾರೆ. ಬಾಚಿದ ಮೇಲೇ ಸ್ನಾನ.

ಹೋದ ತಿಂಗಳು ಗಂಡ ಹೆಂಡತಿ ಬಂದಿದ್ದರು. ಪೂಡಲ್ ತರುವ ಯೋಚನೆ. ಮಾತು ಬೇಡ ಅಂತ ಬಾಚಣಿಗೆಯನ್ನೇ ಕೈಗೆ ಕೊಟ್ಟೆ. ಅಂದು ಬಂದಿದ್ದ ಪೂಡಲ್‌ನ ಮನೆಯವರೂ ಒಪ್ಪಿದ್ದರು. ಒಂದು ಹಿಂಗಾಲು ಪೂರ್ತಿ ಬಾಚಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. "ನಮಗೆ ಇದು ದಿನಾ ಆಗಲ್ಲ, ಗುಡಿಸೋದು ಬೇಕಾದ್ರೆ ಆಗತ್ತೆ" ಅಂದರು ಆಕೆ. ಕೊನೆಗೆ ಅವರ ಬೀದಿಯಲ್ಲೇ ಹುಟ್ಟಿದ ಒಂದು ಕಂದು ಮರಿಯನ್ನು ಮನೆಗೆ ತಂದರು. ಗಿಡ್ಡ ಕೂದಲು, ಉದುರುತ್ತದೆ. ಮೊನ್ನೆ ಮೊದಲ ಸ್ನಾನಕ್ಕೆ ಬಂದಿತ್ತು. ರಬ್ಬರ್ ಬ್ರಷ್ ಹೇಗೆ ಹಿಡಿಯಬೇಕು ಅಂತ ತೋರಿಸಿ ಕಳಿಸಿದೆ.