ಗುಳ್ಳೆ ಬರುತ್ತಿರುವ ಟ್ಯೂಬ್‌ಗೆ ಕ್ಲ್ಯಾಂಪ್ ಹಾಕಬೇಡಿ

ಐಸಿಡಿ (ಎದೆಯೊಳಗೆ ಸೇರಿದ ಗಾಳಿಯನ್ನು ನೀರಿರುವ ಬಾಟಲಿಗೆ ಬಿಡುವ ಟ್ಯೂಬ್) ಇರುವ ಪೇಷಂಟನ್ನು ಎಕ್ಸ್‌ರೇಗೆ ಕಳಿಸುವಾಗ ಕ್ಲ್ಯಾಂಪ್ ಹಾಕಿ ಟ್ಯೂಬ್ ಮುಚ್ಚುವ ಅಭ್ಯಾಸ ಇನ್ನೂ ಎಷ್ಟೋ ವಾರ್ಡ್‌ಗಳಲ್ಲಿದೆ. ಸಿಸ್ಟರ್‌ಗಳೇ, ದಯವಿಟ್ಟು ಇದನ್ನು ನಿಲ್ಲಿಸಿ.

ನಮ್ಮ ವಾರ್ಡಿನಲ್ಲಿದ್ದ ಹುಡುಗ ಕಾಲೇಜು ಓದುತ್ತಿದ್ದ. ಉದ್ದಕ್ಕೆ, ತೆಳ್ಳಗೆ ಇದ್ದ, ಸಿಗರೇಟೂ ಇತ್ತು. ಬಲಗಡೆ ನ್ಯುಮೋಥೊರಾಕ್ಸ್, ಅಂದರೆ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿತ್ತು. ಇಂಥವರಿಗೆ ಪೆಟ್ಟೇನೂ ಬೀಳದೆ, ಸುಮ್ನೆ ಕೂತಿದ್ದಾಗಲೂ ಶ್ವಾಸಕೋಶದ ತುದಿಯ ಬ್ಲೆಬ್ (ಗಾಳಿ ತುಂಬಿದ ಸಣ್ಣ ಬೊಬ್ಬೆ) ಒಡೆದು ಗಾಳಿ ಸೋರುತ್ತದೆ. ಆ ಗಾಳಿ ಎದೆಗೂಡಿನೊಳಗೆ ತುಂಬಿಕೊಂಡು ಶ್ವಾಸಕೋಶ ಕುಗ್ಗುತ್ತದೆ.

ಎಲ್ಲರಿಗೂ ಟ್ಯೂಬ್ ಬೇಕಾಗಲ್ಲ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನದಲ್ಲಿ ಶ್ವಾಸಕೋಶ ಮಧ್ಯಮ ಅಥವಾ ದೊಡ್ಡ ಪ್ರಮಾಣದಲ್ಲಿ ಕುಗ್ಗಿದ್ದವರನ್ನೂ ಬರೀ ನಿಗಾದಲ್ಲಿ ಇಟ್ಟು ನೋಡಿದರು. ಅವರಲ್ಲಿ ನೂರಕ್ಕೆ ಸುಮಾರು 85 ಜನಕ್ಕೆ ಟ್ಯೂಬ್ ಹಾಕುವ ಪ್ರಮೇಯವೇ ಬರಲಿಲ್ಲ. ಎಕ್ಸ್‌ರೇ ಎಷ್ಟು ಕಪ್ಪಗಿದೆ ಅನ್ನೋದಕ್ಕಿಂತ ಪೇಷಂಟ್ ಹೇಗೆ ಉಸಿರಾಡುತ್ತಿದ್ದಾನೆ ಅನ್ನೋದು ಮುಖ್ಯ. ಈ ಹುಡುಗನಿಗೆ ಏದುಸಿರು ಜಾಸ್ತಿ ಇತ್ತು. ಮೊದಲು ಸೂಜಿಯಲ್ಲಿ ಗಾಳಿ ಎಳೆದರು, ನಿಲ್ಲಲಿಲ್ಲ. ಆಮೇಲೆ ಐಸಿಡಿ. ಟಿಬಿ ಇರಬಹುದಾ ಅಂತ ಕಫವನ್ನೂ ಕಳಿಸಿದರು. ನಮ್ಮ ಕಡೆ ಅದನ್ನು ನೋಡಲೇಬೇಕು.

ರೌಂಡ್ಸ್ ಮುಗಿದ ಮೇಲೆ ಚೆಕ್ ಎಕ್ಸ್‌ರೇ ಅಂದರು. ಶಿಫ್ಟಿಂಗ್‌ಗೆ ಬಂದ ಹೊಸ ಹುಡುಗ ಬಾಟಲ್ ಎತ್ತಿ ಪೇಷಂಟಿನ ಕಾಲ ಹತ್ತಿರ ಹಾಸಿಗೆ ಮೇಲಿಟ್ಟ, ನೀರು ವಾಪಸ್ ಎದೆಗೆ ಹೋಗಬಾರದು ಅಂತ ಕ್ಲ್ಯಾಂಪ್ ಹಾಕಿದ, ಲಿಫ್ಟ್ ಕಡೆ ತಳ್ಳಿಕೊಂಡು ಹೋದ. ಲಿಫ್ಟ್ ಬರಲಿಲ್ಲ. ಸಿಸ್ಟರ್ ಅಂತ ಕೂಗಿದ್ದು ಕೇಳಿ ಓಡಿದೆ. ಪೇಷಂಟ್ ಟ್ರಾಲಿಯ ಕಂಬಿ ಹಿಡಿದು ಎದ್ದು ಕೂತಿದ್ದ. ಮಾತು ಹೊರಡುತ್ತಿಲ್ಲ, ಕತ್ತಿನ ನರ ಉಬ್ಬಿವೆ, ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಬರೀ 82. ಕ್ಲ್ಯಾಂಪ್ ತೆಗೆದು ಬಾಟಲನ್ನು ನೆಲಕ್ಕಿಟ್ಟೆ. ಅನ್ನದ ಎಸರು ಕುದಿಯೋ ಹಾಗೆ ಗುಳ್ಳೆ ಬಂತು. 85, 88. ಆ ಅಂಕಿ 90 ದಾಟುವವರೆಗೆ ಅವನು ನನ್ನ ಕೈ ಬಿಡಲಿಲ್ಲ.

ಆ ಶಿಫ್ಟಿಂಗ್ ಹುಡುಗನನ್ನು ಬೈದವರಿದ್ದಾರೆ. ನನಗೆ ಅದು ಸರಿ ಕಾಣಲಿಲ್ಲ. ಗುಳ್ಳೆ ಬರುತ್ತಿದೆ ಅಂದರೆ ಗಾಳಿ ಇನ್ನೂ ಸೋರುತ್ತಿದೆ, ಮುಚ್ಚಿದರೆ ಅದು ಒಳಗೇ ತುಂಬಿ ಟೆನ್ಷನ್ ನ್ಯುಮೋಥೊರಾಕ್ಸ್ ಆಗುತ್ತದೆ, ಅಂದರೆ ಒತ್ತಡ ಏರಿ ಹೃದಯ, ಶ್ವಾಸಕೋಶ ಎರಡನ್ನೂ ಒತ್ತುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಂಟ್ರಾಕ್ಟ್ ಮೇಲೆ ಜನ ಬರುತ್ತಾರೆ, ಹೋಗುತ್ತಾರೆ, ಟ್ರೈನಿಂಗ್ ಮಾತ್ರ ಇಲ್ಲ. ಬಾಟಲ್ ಎದೆಗಿಂತ ಕೆಳಗೆ ತೂಗುಹಾಕೋಕೆ ಟ್ರಾಲಿಗೆ ಒಂದು ಕೊಕ್ಕೆ ಹಾಕಿಸಿ ಅಂತ ಎಷ್ಟು ಸಲ ಇಂಡೆಂಟ್ ಕೊಟ್ಟರೂ ಮ್ಯಾನೇಜ್‌ಮೆಂಟ್‌ನಿಂದ ಉತ್ತರವಿಲ್ಲ. ಒಂದು ಕೊಕ್ಕೆಗೆ ಎಷ್ಟು ಖರ್ಚಾಗುತ್ತೆ, ಹೇಳಿ?

ಐದು ದಿನವಾದರೂ ಲೀಕ್ ನಿಲ್ಲದ್ದಕ್ಕೆ ಪೇಷಂಟಿಗೆ ವ್ಯಾಟ್ಸ್ (ಸಣ್ಣ ತೂತಿನಿಂದ ಕ್ಯಾಮೆರಾ ಇಟ್ಟು ಮಾಡುವ ಎದೆಯ ಆಪರೇಷನ್) ಮಾಡಿದರು. ಬ್ಲೆಬ್ ತೆಗೆದು, ಶ್ವಾಸಕೋಶ ಎದೆಗೋಡೆಗೆ ಅಂಟಿಕೊಳ್ಳುವ ಹಾಗೆ ಪ್ಲೂರೋಡೆಸಿಸ್. ಡಿಸ್ಚಾರ್ಜ್ ದಿನ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗಬಹುದಾ ಅಂತ ಕೇಳಿದ. ಬೇಡವೇ ಬೇಡ ಅಂದರು ಸರ್ಜನ್. ವಿಮಾನವನ್ನೂ ಎಕ್ಸ್‌ರೇ ನೋಡಿ ಡಾಕ್ಟರ್ ಸರಿ ಅನ್ನೋವರೆಗೆ ಹತ್ತಬಾರದು. ಸಿಗರೇಟು ಪೂರ್ತಿ ಬಿಡಬೇಕು. ಮತ್ತೆ ಎದೆ ಚುಚ್ಚಿದರೆ ಗ್ಯಾಸ್ ಅಂತ ಮನೆಯಲ್ಲಿ ಕೂರದೆ ನೇರ ಕ್ಯಾಶುವಾಲ್ಟಿಗೆ ಬಾ ಅಂತ ಅವನಿಗೂ ಅವನ ಅಮ್ಮನಿಗೂ ಇಬ್ಬರಿಗೂ ಹೇಳಿ ಕಳಿಸಿದೆ.